ಎಚ್‌ಎಂಟಿ ಗೇಟು ಮತ್ತು ನಮ್ಮ ಮೆಕ್ಯಾನಿಕಲ್ ಹುಡುಗರು

ಸ್ವಲ್ಪ ಉದ್ದ ಆಗ್ತದೆ, ಓದಿ.

ನಮ್ಮ ವಿದ್ಯಾರಣ್ಯಪುರದಲ್ಲಿ ಎಚ್‌ಎಂಟಿ ಲೇಔಟ್ ಇದೆ, ಬಿಇಎಲ್ ಲೇಔಟ್ ಇದೆ. ಪಕ್ಕದ ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್‌ಎಂಟಿ, ಮರುವರ್ಷ ಬಿಇಎಲ್ ಹುಟ್ಟಿದವು. ಲೇತ್ ತಯಾರಿಸುತ್ತಿದ್ದ ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ವಾಚಿಗೂ ಕೈ ಹಾಕಿತು. ಆ ವಾಚು ಎಲ್ಲರಿಗೂ ನೆನಪಿದೆ. ಅದನ್ನು ಮಾಡಿದ ಕೈಗಳು ಯಾರವು ಅಂತ ಕೇಳೋರು ಕಮ್ಮಿ.

ಆ ಗೇಟಿನೊಳಗೆ ನಮ್ಮವರು ಸುಮ್ಮನೆ ಹೋಗಲಿಲ್ಲ. 1942ರಲ್ಲಿ ವೈಸ್‌ರಾಯ್‌ಗೆ ಕೊಟ್ಟ ಮನವಿಯಲ್ಲೇ ಬಾಬಾಸಾಹೇಬರು ತಾಂತ್ರಿಕ ಶಿಕ್ಷಣ ಕೇಳಿದ್ದರು. ಸರ್ಕಾರಿ ಮುದ್ರಣಾಲಯ, ರೈಲ್ವೆ ವರ್ಕ್‌ಶಾಪುಗಳಲ್ಲಿ ನಮ್ಮ ಹುಡುಗರನ್ನು ಅಪ್ರೆಂಟಿಸ್ ಆಗಿ ತಗೊಳ್ಳಿ ಅಂದಿದ್ದರು. ಗುಮಾಸ್ತಿಕೆ ಅಷ್ಟೇ ಸಾಲದು, ಯಂತ್ರದ ವಿದ್ಯೆಯೂ ಬೇಕು ಅಂತ ಅವರಿಗೆ ಆಗಲೇ ಗೊತ್ತಿತ್ತು. ಅಪ್ರೆಂಟಿಸ್ ಕಾಯ್ದೆ ಬಂದದ್ದು 1961ರಲ್ಲಿ. ಅದರಲ್ಲಿ ಪರಿಶಿಷ್ಟರಿಗೆ ಜಾಗ ಮೀಸಲಿಡೋಕೆ 1973ರ ತಿದ್ದುಪಡಿವರೆಗೆ ಕಾಯಬೇಕಾಯ್ತು. ಹನ್ನೆರಡು ವರ್ಷ!

ನಮ್ಮ ದೊಡ್ಡಪ್ಪ ಐಟಿಐ ಮುಗಿಸಿ ಎಚ್‌ಎಂಟಿಗೆ ಫಿಟರ್ ಅಪ್ರೆಂಟಿಸ್ ಆಗಿ ಸೇರಿದವರು. ಊರ ಹೋಟೆಲಲ್ಲಿ ನಮಗೆ ಬೇರೆ ಲೋಟ, ಇಲ್ಲಿ ಕ್ಯಾಂಟೀನಲ್ಲಿ ಎಲ್ಲರಿಗೂ ಒಂದೇ ತಟ್ಟೆ. ಜಾತಿ ಹೋಗಿತ್ತು ಅಂತ ಅವರೇನೂ ಹೇಳ್ತಿರಲಿಲ್ಲ. 'ಮೈಕ್ರೋಮೀಟರ್ ನಿನ್ನ ಕುಲ ಕೇಳಲ್ಲ ಕಣಪ್ಪ' ಅನ್ನೋರು. ಆ ಸಂಬಳದಲ್ಲೇ ಸೈಟು, ಮನೆ, ಮಕ್ಕಳ ಓದು.

ಅವರ ಮೊಮ್ಮಗ ಮೆಕ್ಯಾನಿಕಲ್ ಬಿಇ. ಒಂದು ಖಾಸಗಿ ಕಾರ್ಖಾನೆಯ ಸಂದರ್ಶನದಲ್ಲಿ ಡ್ರಾಯಿಂಗ್ ಬಗ್ಗೆ ಎರಡು ಪ್ರಶ್ನೆ, 'ಯಾವೂರು, ಅಪ್ಪ ಏನು ಮಾಡ್ತಾರೆ, ಯಾವ ಜನ' ಅಂತ ನಾಲ್ಕು. ಈಗ ಕಾಲ್‌ಸೆಂಟರಲ್ಲಿ ರಾತ್ರಿ ಪಾಳಿ.

ಮಧ್ಯೆ ಆಗಿದ್ದೇನು? 1991ರ ಹೊಸ ಆರ್ಥಿಕ ನೀತಿ. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿತು. ಸಂವಿಧಾನದ 16(4)ನೇ ವಿಧಿಯ ಒಂದಕ್ಷರವನ್ನೂ ಅಳಿಸಲಿಲ್ಲ. ಆದರೆ ಆ ವಿಧಿ ಸರ್ಕಾರಿ ಹುದ್ದೆಗಳಿಗೆ ತಾನೇ? ಹುದ್ದೆಯೇ ಇಲ್ಲದಿದ್ದರೆ ಮೀಸಲಾತಿ ಯಾವುದಕ್ಕೆ? ಬಿಇಎಲ್ ಇವತ್ತಿಗೂ ಗಟ್ಟಿಯಾಗಿದೆ, ಸರಿ. ಆದರೆ ಅಲ್ಲೂ ಹೊಸಬರಿಗೆ ಮೇಲಿಂದ ಮೇಲೆ ಕರೆಯೋದು ಟ್ರೈನಿ ಎಂಜಿನಿಯರ್ ಹುದ್ದೆಗೆ. ಹೆಚ್ಚೆಂದರೆ ಮೂರು ವರ್ಷ, ಆಮೇಲೆ ಮನೆಗೆ.

'ಮೆಕ್ಯಾನಿಕಲ್ ಸತ್ತೋಯ್ತು, ಕೋಡಿಂಗ್ ಕಲಿ' ಅನ್ನೋ ಉಪದೇಶ ನಾನು ಒಪ್ಪಲ್ಲ. ಪೀಣ್ಯದಲ್ಲಿ ಸಿಎನ್‌ಸಿ ಮೆಷಿನ್ ನಿಂತಿಲ್ಲ, ದೇವನಹಳ್ಳಿ ಕಡೆ ವಿಮಾನದ ಬಿಡಿಭಾಗ ತಯಾರಾಗ್ತಿವೆ. 1972ರಲ್ಲಿ ಡೆನ್ಮಾರ್ಕ್ ಸಹಕಾರದಲ್ಲಿ ಶುರುವಾದ ನಮ್ಮ ಸರ್ಕಾರದ ಜಿಟಿಟಿಸಿಯಲ್ಲಿ ಟೂಲ್ ಅಂಡ್ ಡೈ ಕಲಿಸ್ತಾರೆ. ಹುಡುಗರೇ, ಅಲ್ಲಿ ವಿಚಾರಿಸಿ. ಖಾಸಗಿ ಕಾರ್ಖಾನೆಯಲ್ಲಿ ಮೀಸಲಾತಿ ಕೇಳೋದು ನಮ್ಮ ಕೆಲಸ, ಅದನ್ನ ನಾವು ಬಿಡಲ್ಲ.

ಎಚ್‌ಎಂಟಿಯಲ್ಲಿ ದುಡಿದ ನಮ್ಮ ಹಿರಿಯರ ಅಪ್ರೆಂಟಿಸ್ ಸರ್ಟಿಫಿಕೇಟು, ನೇಮಕಾತಿ ಪತ್ರ ನಿಮ್ಮ ಮನೆ ಟ್ರಂಕಿನಲ್ಲಿದ್ದರೆ ಫೋಟೋ ತೆಗೆದು ಕಳಿಸಿ. ದೊಡ್ಡಪ್ಪನದು ನನ್ನ ಹತ್ತಿರ ಇದೆ.