ಅರಮನೆ ಮತ್ತು ಐನ್‌ಮನೆ

ಕಳೆದ ಚಳಿಗಾಲದಲ್ಲಿ, ಪುತ್ತರಿ ಹಬ್ಬ ಮುಗಿದ ಕೆಲವು ದಿನಗಳ ನಂತರ, ಕೊಡಗಿನ ಕಕ್ಕಬ್ಬೆಯ ಕಡೆಗೆ ಒಂದು ದಿನದ ಮಟ್ಟಿಗೆ ಹೋಗಿ ಬಂದೆ. ಕರೆದೊಯ್ದವನು ನನ್ನ ಹಳೆಯ ವಿದ್ಯಾರ್ಥಿ. ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತು ಕಿಟಕಿಯ ಹೊರಗೆ ನೋಡುತ್ತಿದ್ದ ಕೊಡವ ಹುಡುಗ. ಈಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾನೆ. "ಸಾರ್, ನೀವು ಪಾಠ ಮಾಡಿದ ಅರಮನೆಯನ್ನು ತೋರಿಸುತ್ತೇನೆ. ಆದರೆ ಆಮೇಲೆ ನಮ್ಮ ಮನೆಗೂ ಬರಬೇಕು" ಎಂಬುದು ಅವನ ಷರತ್ತಾಗಿತ್ತು.

ಬೆಳಿಗ್ಗೆ ಮಡಿಕೇರಿಯಿಂದ ನಾಪೋಕ್ಲು ಮಾರ್ಗವಾಗಿ ಹೊರಟೆವು. ಗದ್ದೆಗಳ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಕಕ್ಕಬ್ಬೆ ದಾಟಿ ಯವಕಪಾಡಿಯ ಏರುದಾರಿ ಹಿಡಿದಾಗ ಎದುರಿಗೆ ತಡಿಯಂಡಮೋಳ್ ಬೆಟ್ಟ ಕಾಣಿಸಿತು. 1748 ಮೀಟರ್ ಎತ್ತರದ ಇದು ಕೊಡಗಿನ ಅತ್ಯುನ್ನತ ಶಿಖರ. ಕೆಳಗೆ ದಟ್ಟವಾದ ಕಾಡು, ಮೇಲೆ ಬೋಳು ಹುಲ್ಲುಗಾವಲು, ಕಣಿವೆಗಳ ಮಡಿಕೆಯಲ್ಲಿ ಮಾತ್ರ ಕಪ್ಪು ಗೆರೆಗಳಂತೆ ಶೋಲಾ ಕಾಡುಗಳು. ಏರುವ ವಯಸ್ಸು ನನ್ನದಲ್ಲ. ತಪ್ಪಲಿನಲ್ಲಿಯೇ ನಿಂತು ಕಣ್ತುಂಬಿಕೊಂಡೆ.

ಈ ಬೆಟ್ಟದ ಬುಡದಲ್ಲಿಯೇ ನಾಲ್ಕುನಾಡು ಅರಮನೆಯಿದೆ. ಮೈಸೂರಿನ ಅರಮನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದವರಿಗೆ ನಿರಾಶೆಯಾದೀತು. ಎರಡು ಅಂತಸ್ತಿನ, ಹೆಂಚು ಹೊದಿಸಿದ ಕಟ್ಟಡ. ಎದುರಿಗೊಂದು ಪುಟ್ಟ ಮಂಟಪ. ಒಳಗೆ ಮರದ ಕೆತ್ತನೆ, ಮಾಸಿದ ಭಿತ್ತಿಚಿತ್ರಗಳು, ಬೆಳಕು ಕಡಿಮೆಯಿರುವ ಕೋಣೆಗಳು.

ನನ್ನ ಪಾಠ ಕೇಳಿದವರಿಗೆ ಕಥೆ ನೆನಪಿರಬಹುದು. ಟಿಪ್ಪುಸುಲ್ತಾನನ ಸೆರೆಯಲ್ಲಿದ್ದ ಹಾಲೇರಿ ವಂಶದ ದೊಡ್ಡವೀರರಾಜೇಂದ್ರನು 1788ರಲ್ಲಿ ಪಿರಿಯಾಪಟ್ಟಣದಿಂದ ತಪ್ಪಿಸಿಕೊಂಡು ಕೊಡಗಿಗೆ ಮರಳಿದನು. 1792 ಮತ್ತು 1794ರ ನಡುವೆ ಈ ಅರಮನೆಯನ್ನು ಕಟ್ಟಿಸಿದನು. ಒಮ್ಮೆ ಸೆರೆ ಕಂಡವನು ಬೆಟ್ಟಕಾಡುಗಳ ಮರೆಯನ್ನು ಆರಿಸಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ 1834ರ ಏಪ್ರಿಲ್‌ನಲ್ಲಿ ಕಂಪನಿಯ ಸೈನ್ಯ ಕೊಡಗನ್ನು ಹೊಕ್ಕಾಗ, ಇದೇ ಅರಮನೆಯನ್ನು ಆಶ್ರಯಿಸಿದ್ದ ಚಿಕ್ಕವೀರರಾಜೇಂದ್ರನು ಕೊನೆಗೆ ಶರಣಾಗಬೇಕಾಯಿತು. ಮುಂದೆ ಅವನು ಕಾಶಿಗೆ, ಅಲ್ಲಿಂದ 1852ರಲ್ಲಿ ಮಗಳು ಗೌರಮ್ಮನೊಡನೆ ಲಂಡನ್ನಿಗೆ ಹೋದನು. 1859ರಲ್ಲಿ ಅಲ್ಲಿಯೇ ತೀರಿಕೊಂಡನು. ಮಾಸ್ತಿಯವರ 'ಚಿಕವೀರ ರಾಜೇಂದ್ರ' ಕಾದಂಬರಿಯ ಮೂಲಕ ಅವನ ಪತನದ ಕಥೆ ಕನ್ನಡಿಗರಿಗೆಲ್ಲ ಪರಿಚಿತವಾಗಿದೆ.

ಇಷ್ಟನ್ನು ನಾನು ಅಲ್ಲಿ ನಿಂತು ಮತ್ತೆ ಪಾಠದಂತೆ ಹೇಳಿ ಮುಗಿಸಿದೆ. ಶಿಷ್ಯ ಮೆಲ್ಲಗೆ ಕೇಳಿದ: "ಅಂದರೆ ಈ ಮನೆಯಲ್ಲಿ ರಾಜರ ದೀಪ ಉರಿದದ್ದು ನಲವತ್ತೇ ವರ್ಷ ಅಲ್ಲವೇ ಸಾರ್?" ಎಷ್ಟೋ ವರ್ಷ ಇಸವಿಗಳನ್ನು ಬಾಯಿಪಾಠ ಮಾಡಿಸಿದ ನಾನು ಈ ಸಣ್ಣ ಲೆಕ್ಕವನ್ನು ಎಂದೂ ಮಾಡಿರಲಿಲ್ಲ.

ಮಧ್ಯಾಹ್ನ ಅವನ ಐನ್‌ಮನೆಗೆ ಹೋದೆವು. ಕೊಡವರಲ್ಲಿ ಒಬ್ಬ ಮೂಲಪುರುಷನ ಸಂತತಿಗೆ 'ಒಕ್ಕ' ಎಂದು ಹೆಸರು. ಆ ಒಕ್ಕದ ಮೂಲಮನೆಯೇ ಐನ್‌ಮನೆ. ಎರಡು ಕಡೆ ಮಣ್ಣಿನ ದಿಣ್ಣೆಯಿರುವ ಕಿರಿದಾದ ಓಣಿಯಲ್ಲಿ ನಡೆದು, ಮೆಟ್ಟಿಲೇರಿದರೆ ಕಂಬಗಳ ಜಗಲಿ. ಕಂಬದಿಂದ ಕಂಬಕ್ಕೆ ಜೋಡಿಸಿದ ದಪ್ಪ ಹಲಗೆಗೆ 'ಐಮರ' ಎನ್ನುತ್ತಾರೆ. ಹಿರಿಯರು ಕುಳಿತುಕೊಳ್ಳುವ ಜಾಗ ಅದು. ಒಳಗಿನ ನಡುಮನೆ 'ನೆಲ್ಲಕ್ಕಿ ನಡುಬಾಡೆ'. ಅಲ್ಲಿ ತೂಗುದೀಪ. ಅಂಗಳದ ಆಚೆ ಮೂಲಪುರುಷನಾದ ಕಾರಣವನ ಗುಡಿ, 'ಕೈಮಡ'. ಪುತ್ತರಿಯಲ್ಲಿ ತಂದ ಹೊಸ ಭತ್ತದ ತೆನೆಗಳು ಇನ್ನೂ ಕಂಬದಲ್ಲಿದ್ದವು. ಇಂಥ ಮನೆಗಳ ಹಬ್ಬ, ಮದುವೆ, ಸಾವುಗಳ ಹಾಡುಗಳನ್ನು ನಡಿಕೇರಿಯಂಡ ಚಿಣ್ಣಪ್ಪನವರು ಸಂಗ್ರಹಿಸಿ 1924ರಲ್ಲಿ 'ಪಟ್ಟೋಲೆ ಪಳಮೆ'ಯಾಗಿ ಪ್ರಕಟಿಸಿದರು. ಕೊಡವ ಭಾಷೆಯ ಆ ಗ್ರಂಥ ಕನ್ನಡ ಲಿಪಿಯಲ್ಲಿದೆ.

ಮನೆಯಲ್ಲಿದ್ದವರು ಇಬ್ಬರೇ, ಶಿಷ್ಯನ ದೊಡ್ಡಪ್ಪ ಮತ್ತು ದೊಡ್ಡಮ್ಮ. ಕಾಫಿ ಕೊಟ್ಟು ದೊಡ್ಡಪ್ಪ ಹೇಳಿದರು: "ಮೇಷ್ಟ್ರೇ, ಹಬ್ಬಕ್ಕೆ ಅರವತ್ತು ಜನ ಸೇರುತ್ತಾರೆ. ಮರುದಿನ ನಾವಿಬ್ಬರೇ. ಎಲ್ಲರ ಮನೆ ಇದು, ಆದ್ದರಿಂದ ಮಾರುವವರೂ ಇಲ್ಲ, ಮಾಡು ಸೋರಿದರೆ ಏಣಿ ಹತ್ತುವವರೂ ಇಲ್ಲ. ನಮ್ಮ ನಂತರ ದೀಪ ಹಚ್ಚುವವರು ಯಾರು ಎಂದು ಈ ಸಲ ಎಲ್ಲರನ್ನೂ ಕೇಳಿದೆ." ಶಿಷ್ಯ ತಲೆ ತಗ್ಗಿಸಿದ. ಅವನೂ ಆ ಅರವತ್ತು ಜನರಲ್ಲಿ ಒಬ್ಬ.

ನಾನೂ ತಲೆಯೆತ್ತಲಿಲ್ಲ. ನಮ್ಮ ಬಂಧುಗಳಲ್ಲಿ ಹಿರಿಯರಿಗೆ ಕಾರಣ ತಿಳಿದಿದೆ. ನಮ್ಮ ಅಜ್ಜನ ತೊಟ್ಟಿಮನೆಯನ್ನು 1974ರಲ್ಲಿ ಮಾರಿದಾಗ ಪತ್ರಕ್ಕೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಆಗ ನನಗೆ ಅದು ಹಳೆಯ ಮರಮುಟ್ಟು, ಒಡೆದ ಹೆಂಚು ಅಷ್ಟೇ ಆಗಿತ್ತು. ಮರುದಿನ ಶಾಲೆಗೆ ಹೋಗಿ ಹಂಪೆಯ ಅವಶೇಷಗಳ ಬಗ್ಗೆ ಭಾವಾವೇಶದಿಂದ ಪಾಠ ಮಾಡಿದೆ. ಚರಿತ್ರೆಯೆಂದರೆ ರಾಜರದು ಎಂದೇ ನಂಬಿದ್ದೆ. ಅಜ್ಜನ ಜಗಲಿಯೂ ಚರಿತ್ರೆಯೆಂದು ನನಗೆ ಹೊಳೆಯಲಿಲ್ಲ.

ಸಂಜೆ ಹೊರಡುವಾಗ ದೊಡ್ಡಮ್ಮ ನೆಲ್ಲಕ್ಕಿಯಲ್ಲಿ ದೀಪ ಹಚ್ಚಿದರು. ಬೆಟ್ಟದ ನೆತ್ತಿಯಲ್ಲಿ ಬಿಸಿಲು ಇನ್ನೂ ಇತ್ತು, ಅಂಗಳದಲ್ಲಿ ಕತ್ತಲೆ ಕವಿಯುತ್ತಿತ್ತು. ದಾರಿಯಲ್ಲಿ ಶಿಷ್ಯ ಬಹಳ ಹೊತ್ತು ಮಾತನಾಡಲಿಲ್ಲ. ನಾಪೋಕ್ಲು ದಾಟಿದ ಮೇಲೆ, "ಮಳೆಗಾಲದೊಳಗೆ ಮಾಡು ರಿಪೇರಿ ಮಾಡಿಸುತ್ತೇನೆ ಸಾರ್. ಉಳಿದವರು ದುಡ್ಡು ಕೊಟ್ಟರೂ ಸರಿ, ಕೊಡದಿದ್ದರೂ ಸರಿ" ಎಂದ. ಮೇ ತಿಂಗಳಿನಲ್ಲಿ ಕೆಲಸ ಮುಗಿಯಿತೆಂದು ಫೋನು ಮಾಡಿದ್ದ.

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮೂರಿನಲ್ಲಿ ಅಜ್ಜನ ಮನೆ ಇನ್ನೂ ಉಳಿದಿದ್ದರೆ ಒಮ್ಮೆ ಹೋಗಿ ಬನ್ನಿ. ಕಟ್ಟಿದವರು ಯಾರು, ತೊಲೆ ಯಾವ ಕಾಡಿನಿಂದ ಬಂತು ಎಂದು ಅಲ್ಲಿರುವ ಹಿರಿಯರನ್ನು ಕೇಳಿ ಬರೆದಿಡಿ. ನಾನು ತರಗತಿಯಲ್ಲಿ ಕೊಡಲು ಮರೆತ ಮನೆಗೆಲಸವಿದು, ತಡವಾಗಿ ಕೊಡುತ್ತಿದ್ದೇನೆ.