ಟೊರಾಂಟೊ ನಗರ ಮತ್ತು ಇನ್ಸುಲಿನ್ (೧೯೧೩–೧೯೨೩)

ವಿಶ್ವವಿದ್ಯಾನಿಲಯ, ಆಸ್ಪತ್ರೆ, ಔಷಧ ಕೈಗಾರಿಕೆ ಈ ಮೂರೂ ಒಂದು ನಗರದಲ್ಲಿ ನೆರೆಹೊರೆಯಾಗಿ ನೆಲೆಸಿದರೆ ಜೀವವಿಜ್ಞಾನದ ಫಲವು ಶೀಘ್ರವಾಗಿ ರೋಗಿಗೆ ದೊರೆಯುವುದೆಂಬ ಅಭಿಪ್ರಾಯ ಇಂದು ಬಹುಮಟ್ಟಿಗೆ ರೂಢವಾಗಿದೆ. ಸಾಮೀಪ್ಯವೊಂದೇ ಇದಕ್ಕೆ ಸಾಕೆ ಎಂಬುದು ವಿಚಾರಾರ್ಹವಾದ ಪ್ರಶ್ನೆ. ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಇನ್ಸುಲಿನ್ ಔಷಧವು ರೂಪುಗೊಂಡ ಚರಿತ್ರೆಯನ್ನು ಈ ದೃಷ್ಟಿಯಿಂದ ಇಲ್ಲಿ ಪರಿಶೀಲಿಸಬಹುದು.

ಈ ಚರಿತ್ರೆಯ ಮೊದಲ ಅಧ್ಯಾಯ ಇನ್ಸುಲಿನ್ನಿಗಿಂತ ಹಿಂದಿನದು. ಗಂಟಲಮಾರಿಗೆ ಬೇಕಾದ ಪ್ರತಿವಿಷವನ್ನು ಆ ಕಾಲದಲ್ಲಿ ಕೆನಡಾದವರು ಬಹುಮಟ್ಟಿಗೆ ಹೊರದೇಶದಿಂದ ಅಧಿಕ ಬೆಲೆಗೆ ತರಿಸಿಕೊಳ್ಳಬೇಕಾಗಿದ್ದಿತು. ಬಡವರ ಮಕ್ಕಳಿಗೆ ಅದು ಎಟುಕುತ್ತಿರಲಿಲ್ಲ. ವಿಶ್ವವಿದ್ಯಾನಿಲಯದಲ್ಲಿ ಆರೋಗ್ಯಶಾಸ್ತ್ರದ ಅಧ್ಯಾಪಕರಾಗಿದ್ದ ಜಾನ್ ಫಿಟ್ಸ್‌ಜೆರಾಲ್ಡರು ೧೯೧೩ರಲ್ಲಿ ಒಂದು ಸಣ್ಣ ಲಾಯದಲ್ಲಿ ಕುದುರೆಗಳನ್ನು ಸಾಕಿ ಪ್ರತಿವಿಷವನ್ನು ತಯಾರಿಸತೊಡಗಿದರು. ಮರುವರ್ಷ ವಿಶ್ವವಿದ್ಯಾನಿಲಯವು ಈ ಕಾರ್ಯವನ್ನು ತನ್ನದಾಗಿಸಿಕೊಂಡಿತು. ಆಲ್ಬರ್ಟ್ ಗುಡರ್‌ಹ್ಯಾಮ್ ಎಂಬ ಶ್ರೀಮಂತರು ದಾನವಿತ್ತ ಭೂಮಿಯಲ್ಲಿ ೧೯೧೭ರಲ್ಲಿ ಕನಾಟ್ ಪ್ರಯೋಗಾಲಯಗಳು ಆರಂಭವಾದುವು. ಔಷಧವನ್ನು ಅಲ್ಪ ಬೆಲೆಗೆ ಒದಗಿಸುವುದು, ಉಳಿದ ಹಣವನ್ನು ಸಂಶೋಧನೆಗೆ ವಿನಿಯೋಗಿಸುವುದು ಅವುಗಳ ಧ್ಯೇಯವಾಗಿದ್ದಿತು.

೧೯೨೧ರ ಮೇ ತಿಂಗಳಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ಇವರು ಪ್ರಾಧ್ಯಾಪಕ ಮೆಕ್ಲೌಡರ ಪ್ರಯೋಗಶಾಲೆಯಲ್ಲಿ ಮೇದೋಜೀರಕ ಗ್ರಂಥಿಯ ಸಾರವನ್ನು ಕುರಿತ ಪ್ರಯೋಗಗಳನ್ನು ಕೈಗೊಂಡರು. ವರ್ಷದ ಕೊನೆಗೆ ಜೀವರಸಾಯನ ಶಾಸ್ತ್ರಜ್ಞ ಜೇಮ್ಸ್ ಕಾಲಿಪ್ ಇವರನ್ನು ಸೇರಿಕೊಂಡರು. ಕಾಲೇಜು ಬೀದಿಯ ಉತ್ತರಕ್ಕೆ ವಿಶ್ವವಿದ್ಯಾನಿಲಯ, ದಕ್ಷಿಣಕ್ಕೆ ಟೊರಾಂಟೊ ಸಾರ್ವಜನಿಕ ಆಸ್ಪತ್ರೆ. ಮಧುಮೇಹದಿಂದ ಬಳಲುವ ಮಕ್ಕಳನ್ನು ಅರೆಹೊಟ್ಟೆಯಲ್ಲಿರಿಸಿ ಮರಣವನ್ನು ಕೆಲಕಾಲ ಮುಂದೂಡುವುದಷ್ಟೆ ಅಂದಿನ ವೈದ್ಯರಿಗೆ ಸಾಧ್ಯವಿದ್ದಿತು. ೧೯೨೨ರ ಜನವರಿ ೧೧ರಂದು ಹದಿನಾಲ್ಕು ವರ್ಷದ ಲೆನಾರ್ಡ್ ಥಾಂಪ್ಸನ್ ಎಂಬ ಬಾಲಕನಿಗೆ ಈ ಸಾರವನ್ನು ಚುಚ್ಚಲಾಯಿತು. ಸಾರವು ಶುದ್ಧವಾಗಿರದ ಕಾರಣ ಫಲ ಅತ್ಯಲ್ಪವಾಯಿತು. ಕಾಲಿಪ್ ಶುದ್ಧಿಗೊಳಿಸಿದ ಸಾರವನ್ನು ಜನವರಿ ೨೩ರಂದು ಕೊಡಲಾಗಿ ಬಾಲಕನು ಚೇತರಿಸಿಕೊಂಡನು.

ಇಷ್ಟರಮಟ್ಟಿಗೆ ಸಾಮೀಪ್ಯವು ನೆರವಾಯಿತೆನ್ನಬೇಕು. ಆದರೆ ಹತ್ತಿರದಲ್ಲಿಯೇ ದುಡಿಯುತ್ತಿದ್ದ ಈ ವಿಜ್ಞಾನಿಗಳಲ್ಲಿ ಪರಸ್ಪರ ಅವಿಶ್ವಾಸ ಬೆಳೆದಿದ್ದಿತೆಂಬುದನ್ನು ಮರೆಯುವಂತಿಲ್ಲ. ಜನವರಿ ೨೫ರಂದು ಅವರಿಗೂ ಕನಾಟ್ ಪ್ರಯೋಗಾಲಯಗಳಿಗೂ ಒಂದು ಲಿಖಿತ ಒಪ್ಪಂದವಾಯಿತು. ಸಹಕಾರದ ಆರಂಭಾವಧಿಯಲ್ಲಿ ಯಾರೊಬ್ಬರೂ ಪ್ರತ್ಯೇಕವಾಗಿ ಪೇಟೆಂಟು ಪಡೆಯಬಾರದು, ವ್ಯಾಪಾರ ಸಂಸ್ಥೆಯೊಡನೆ ಸೇರಬಾರದು ಎಂಬುದು ಅದರ ಸಾರಾಂಶ. ಸಾಮೀಪ್ಯವು ಮಾಡಲಾರದ ಕೆಲಸವನ್ನು ಈ ಒಪ್ಪಂದವು ಮಾಡಿತು.

ಅಧಿಕ ಪ್ರಮಾಣದ ತಯಾರಿಕೆಯಲ್ಲಿ ಬೇರೊಂದು ತೊಡಕು ಕಾಣಿಸಿತು. ಸಣ್ಣ ಪಾತ್ರೆಯಲ್ಲಿ ಕೈಗೂಡಿದ ವಿಧಾನ ದೊಡ್ಡ ಪಾತ್ರೆಯಲ್ಲಿ ಕೈಗೂಡಲಿಲ್ಲ; ಆ ವಸಂತದಲ್ಲಿ ಇನ್ಸುಲಿನ್ ದುರ್ಲಭವಾಯಿತು. ಆಗ ವಿಶ್ವವಿದ್ಯಾನಿಲಯವು ಇಂಡಿಯಾನಾಪೊಲಿಸಿನ ಈಲೈ ಲಿಲ್ಲಿ ಸಂಸ್ಥೆಯೊಡನೆ ಪರಿಮಿತ ಅವಧಿಯ ಕರಾರು ಮಾಡಿಕೊಂಡಿತು. ಅಲ್ಲಿನ ರಸಾಯನ ಶಾಸ್ತ್ರಜ್ಞ ಜಾರ್ಜ್ ವಾಲ್ಡೆನ್, ದ್ರಾವಣದ ಆಮ್ಲತೆಯನ್ನು ಸರಿಹೊಂದಿಸಿ ಇನ್ಸುಲಿನ್ನನ್ನು ಒತ್ತರಿಸಿ ಬೇರ್ಪಡಿಸುವ ಕ್ರಮವನ್ನು ಕಂಡುಕೊಂಡನು. ೧೯೨೩ರಲ್ಲಿ ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ತಮ್ಮ ಪೇಟೆಂಟನ್ನು ತಲಾ ಒಂದು ಡಾಲರಿಗೆ ವಿಶ್ವವಿದ್ಯಾನಿಲಯಕ್ಕೆ ವಹಿಸಿಕೊಟ್ಟರು. ಲಾಭಗಳಿಕೆ ಇದರ ಉದ್ದೇಶವಾಗಿರಲಿಲ್ಲ. ಅನ್ಯರು ಏಕಸ್ವಾಮ್ಯ ಸ್ಥಾಪಿಸದಂತೆ ತಡೆಯುವುದು ಮತ್ತು ಔಷಧದ ಗುಣವನ್ನು ಪರೀಕ್ಷಿಸುವ ಅಧಿಕಾರವನ್ನು ಉಳಿಸಿಕೊಳ್ಳುವುದು ಉದ್ದೇಶವಾಗಿದ್ದಿತು. ಡೆನ್ಮಾರ್ಕಿನ ಶರೀರಶಾಸ್ತ್ರಜ್ಞ ಆಗಸ್ಟ್ ಕ್ರೋ ೧೯೨೨ರಲ್ಲಿ ಟೊರಾಂಟೊಗೆ ಬಂದು ಅನುಮತಿ ಪಡೆದು ತನ್ನ ದೇಶದಲ್ಲಿಯೂ ತಯಾರಿಕೆಯನ್ನು ಆರಂಭಿಸಿದುದು ಈ ನೀತಿಯ ಫಲವೇ ಸರಿ.

ಕಾಲಕ್ರಮದಲ್ಲಿ ಈ ವ್ಯವಸ್ಥೆ ಮಾರ್ಪಟ್ಟಿತು. ೧೯೭೨ರಲ್ಲಿ ವಿಶ್ವವಿದ್ಯಾನಿಲಯವು ಕನಾಟ್ ಪ್ರಯೋಗಾಲಯಗಳನ್ನು ಮಾರಿತು. ೨೦೦೦ದಲ್ಲಿ ಸ್ಥಾಪಿತವಾದ ಮಾರ್ಸ್ ಎಂಬ ಸಂಶೋಧನ-ಉದ್ಯಮ ಕೇಂದ್ರವು ಆ ಆಸ್ಪತ್ರೆಯ ಹಳೆಯ ಕಟ್ಟಡವನ್ನೇ ಒಳಗೊಂಡು ಬೆಳೆಯಿತು. ನಮ್ಮ ಬೆಂಗಳೂರಿನಲ್ಲಿಯೂ ೨೦೦೪ರಲ್ಲಿ ಬಯೋಕಾನ್ ಸಂಸ್ಥೆ ಯೀಸ್ಟ್ ಜೀವಕೋಶಗಳಿಂದ ತಯಾರಿಸಿದ ಮಾನವ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂದಿತು. ಇತ್ತ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಈ ಶತಮಾನದ ಮೊದಲೆರಡು ದಶಕಗಳಲ್ಲಿ ಇನ್ಸುಲಿನ್ನಿನ ಬೆಲೆ ಹಲವು ಪಟ್ಟು ಏರಿ, ಎಷ್ಟೋ ರೋಗಿಗಳು ಔಷಧದ ಪ್ರಮಾಣವನ್ನು ತಾವೇ ಕಡಿಮೆಮಾಡಿಕೊಳ್ಳುವಂತಾಯಿತು.

ಇದರಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ಪ್ರಯೋಗಶಾಲೆ, ಆಸ್ಪತ್ರೆ, ಕಾರ್ಖಾನೆಗಳನ್ನು ಒಂದು ಬೀದಿಯಲ್ಲಿ ಕಟ್ಟುವುದು ಕಷ್ಟವಲ್ಲ. ಅವುಗಳ ನಡುವೆ ಯಾರಿಗೆ ಏನು ಸಲ್ಲಬೇಕೆಂಬ ನ್ಯಾಯವಾದ ಕಟ್ಟಳೆಯನ್ನು ಏರ್ಪಡಿಸಿ, ಅದನ್ನು ತಲೆಮಾರುಗಳವರೆಗೆ ಉಳಿಸಿಕೊಳ್ಳುವುದೇ ಕಷ್ಟ. ಟೊರಾಂಟೊದ ಚರಿತ್ರೆಯಲ್ಲಿ ಅಭ್ಯಾಸಯೋಗ್ಯವಾದುದು ಈ ಕಟ್ಟಳೆಯೇ.