ಮೀನಿನ ತೊಟ್ಟಿಯ ಕೆಳಗಿನ ಸಂಪು

ಬೆಂಗಳೂರು, ಮೈಸೂರುಗಳಿಂದ ಬಂದ ನಮಗೆ ಸಂಪು ಎಂದೊಡನೆ ನೆನಪಿಗೆ ಬರುವುದು ನಲ್ಲಿಯ ನೀರನ್ನು ತುಂಬಿಡುವ ನೆಲದಡಿಯ ತೊಟ್ಟಿ. ಅಕ್ವೇರಿಯಂ ಇಟ್ಟುಕೊಂಡವರು ಇದೇ ಪದವನ್ನು ಬೇರೆ ಅರ್ಥದಲ್ಲಿ ಬಳಸುತ್ತಾರೆ. ಮೀನಿರುವ ಗಾಜಿನ ತೊಟ್ಟಿಯಿಂದ ತುಂಬಿ ಹರಿದ ನೀರು ಕೆಳಗಿನ ಇನ್ನೊಂದು ತೊಟ್ಟಿಗೆ ಇಳಿಯುತ್ತದೆ. ಅಲ್ಲಿ ಸ್ಪಂಜನ್ನೂ ರಂಧ್ರಗಳುಳ್ಳ ಕಲ್ಲುಗಳನ್ನೂ ಹಾದು ಪಂಪಿನ ಮೂಲಕ ಮತ್ತೆ ಮೇಲೇರುತ್ತದೆ. ಈ ಕೆಳಗಿನ ತೊಟ್ಟಿಯೇ ಸಂಪು. ಇದರ ಹಿಂದೆ ನೂರೈವತ್ತು ವರ್ಷಗಳ ಚರಿತ್ರೆಯಿದೆ. ಅದರಲ್ಲಿ ನಮ್ಮ ಆಕ್ಲೆಂಡಿನ ಕಡಲತೀರಕ್ಕೂ ಒಂದು ಪಾಲಿದೆ.

1850ರಲ್ಲಿ ಲಂಡನ್ನಿನ ರಸಾಯನ ವಿಜ್ಞಾನಿ ರಾಬರ್ಟ್ ವಾರಿಂಗ್ಟನ್ ಗಾಜಿನ ತೊಟ್ಟಿಯೊಂದರಲ್ಲಿ ಸಿಹಿನೀರು ತುಂಬಿ, ಬಂಗಾರದ ಮೀನು, ನೀರುಗಿಡ, ಬಸವನಹುಳು ಇವುಗಳನ್ನು ಒಟ್ಟಿಗೆ ಬಾಳಿಸಿ ತೋರಿಸಿದನು. ಆದರೆ ಮೀನುಗಳ ಸಂಖ್ಯೆ ಹೆಚ್ಚಿದರೆ ಗಿಡಗಳಷ್ಟೇ ಸಾಲವು. 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಸಮುದ್ರಜೀವಿಗಳ ಅಕ್ವೇರಿಯಂ ತೆರೆದಾಗ, ವಿಲಿಯಂ ಆಲ್ಫರ್ಡ್ ಲಾಯ್ಡ್ ಎಂಬಾತ ಜನ ನೋಡುವ ತೊಟ್ಟಿಗಳಿಗಿಂತ ಹಲವು ಪಟ್ಟು ದೊಡ್ಡದಾದ ಕತ್ತಲ ಜಲಾಶಯವನ್ನು ಕೆಳಗೆ ಕಟ್ಟಿಸಿ, ಪಂಪುಗಳಿಂದ ನೀರನ್ನು ಬಿಡುವಿಲ್ಲದೆ ಸುತ್ತಾಡಿಸಿದನು. ಇಂದಿನ ಸಂಪಿನ ಹಿರಿಯಜ್ಜ ಅದೇ ಎನ್ನಬಹುದು.

ನೀರು ಹೀಗೆ ಶುದ್ಧವಾಗುವುದು ಏಕೆ? ಉತ್ತರ ದೊರೆತದ್ದು ಚರಂಡಿ ನೀರಿನಿಂದ. 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಎಂಬಿಬ್ಬರು ಮರಳು, ಸುಣ್ಣಕಲ್ಲು ತುಂಬಿದ ಕೊಳವೆಯಲ್ಲಿ ಕೊಳಕು ನೀರನ್ನು ನಿಧಾನವಾಗಿ ಇಳಿಸಿದರು. ಇಪ್ಪತ್ತು ದಿನ ಯಾವ ಬದಲಾವಣೆಯೂ ಕಾಣಲಿಲ್ಲ. ಅನಂತರ ಅಮೋನಿಯ ನೈಟ್ರೇಟ್ ಆಗತೊಡಗಿತು. ಕ್ಲೋರೋಫಾರ್ಮ್ ಆವಿ ಹಾಯಿಸಿದಾಗ ಆ ಕೆಲಸ ನಿಂತೇಹೋಯಿತು. ಎಂದರೆ, ಶುದ್ಧಿ ಮಾಡುತ್ತಿದ್ದುದು ಮರಳಲ್ಲ, ಅದರ ಮೇಲೆ ನೆಲೆಸಿದ ಜೀವಾಣುಗಳು. 1890ರ ಸುಮಾರಿಗೆ ವಿನೊಗ್ರಾಡ್ಸ್ಕಿ ಆ ಜೀವಾಣುಗಳನ್ನು ಬೇರ್ಪಡಿಸಿ ತೋರಿಸಿದನು.

ಇಷ್ಟೆಲ್ಲ ತಿಳಿದಿದ್ದರೂ ಆಕ್ಲೆಂಡ್ ನಗರ ಆರಿಸಿಕೊಂಡದ್ದು ಸುಲಭದ ದಾರಿಯನ್ನು. 1914ರಿಂದ ಊರಿನ ಚರಂಡಿ ನೀರನ್ನು ಒರಾಕೆಯ ತೊಟ್ಟಿಗಳಲ್ಲಿ ತಡೆದಿಟ್ಟು, ಇಳಿತದ ವೇಳೆಗೆ ವೈಟೆಮಟಾ ಬಂದರಿಗೆ ಬಿಡಲಾಗುತ್ತಿತ್ತು. ಅದರ ದೊಡ್ಡ ಕೊಳವೆ ಒಕಾಹು ಕೊಲ್ಲಿಯ ದಡದಲ್ಲಿ, ನಾತಿ ಫಾತುವಾ ಮಾವೊರಿಗಳ ಹಳ್ಳಿಗೂ ಕಡಲಿಗೂ ನಡುವೆ ಗೋಡೆಯಂತೆ ಹಾದುಹೋಯಿತು. ಮಳೆನೀರು ಹರಿದುಹೋಗಲಾರದೆ ಹಳ್ಳಿ ಜೌಗಾಯಿತು. ಅವರು ಆಯ್ದು ತಿನ್ನುತ್ತಿದ್ದ ಚಿಪ್ಪುಜೀವಿಗಳು ಮಲಿನವಾದವು. 1950ರ ದಶಕದ ಆರಂಭದಲ್ಲಿ ಆ ಜನರನ್ನೇ ಅಲ್ಲಿಂದ ಎಬ್ಬಿಸಿ, ಮನೆಗಳನ್ನು ಸುಟ್ಟುಹಾಕಲಾಯಿತು. ನಗರದ ಕಣ್ಣಿಗೆ ಮರೆಯಾದ ಕೊಳೆ ಇನ್ನೊಬ್ಬರ ಹೊಸ್ತಿಲಿಗೆ ಬಂದಿತ್ತು. ಈ ಅನ್ಯಾಯವನ್ನು ವೈಟಾಂಗಿ ನ್ಯಾಯಮಂಡಳಿ 1987ರ ವರದಿಯಲ್ಲಿ ದಾಖಲಿಸಿತು. 1991ರ ಕಾಯಿದೆಯಿಂದ ಒಕಾಹು ತೀರದ ನೆಲ ಅವರಿಗೆ ಮರಳಿತು.

1960ರಲ್ಲಿ ಮಾಂಗೆರೆಯ ಶುದ್ಧೀಕರಣ ಕೇಂದ್ರ ಆರಂಭವಾದ ಬಳಿಕ ಒರಾಕೆಯ ತೊಟ್ಟಿಗಳಿಗೆ ಕೆಲಸವಿಲ್ಲದಾಯಿತು. ಕಡಲಾಳದಲ್ಲಿ ಮುಳುಗಿದ ಹಡಗುಗಳನ್ನು ಹುಡುಕಿ ಹೆಸರಾಗಿದ್ದ ಕೆಲಿ ಟಾರ್ಲ್ಟನ್ ಆ ಪಾಳು ತೊಟ್ಟಿಗಳಲ್ಲೇ ಅಕ್ವೇರಿಯಂ ಕಟ್ಟಿ, ನೀರಿನ ನಡುವೆ ಬಾಗಿದ ಅಕ್ರಿಲಿಕ್ ಸುರಂಗ ಹಾಯಿಸಿ, 1985ರ ಜನವರಿಯಲ್ಲಿ ತೆರೆದರು. ಏಳು ವಾರಗಳಲ್ಲೇ, 47ರ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಅಂದು ಕೊಳೆ ತುಂಬಿದ್ದ ಗೋಡೆಗಳ ನಡುವೆ ಇಂದು ಶಾರ್ಕುಗಳು ಈಜುತ್ತಿವೆ.

ಮನೆಯಲ್ಲಿ ಸಿಹಿನೀರಿನ ಮೀನು ಸಾಕುವವರಿಗೂ ಈ ಚರಿತ್ರೆಯಿಂದ ಉಪಯೋಗವುಂಟು. ಹೊಸ ಸಂಪಿನಲ್ಲಿ ಜೀವಾಣುಗಳು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಮೀನು ತುಂಬುವ ಆತುರ ಬೇಡ. ಕಲ್ಲು, ಸ್ಪಂಜುಗಳನ್ನು ಕ್ಲೋರಿನ್ ಬೆರೆತ ನಲ್ಲಿ ನೀರಿನಲ್ಲಿ ತಿಕ್ಕಿ ತೊಳೆದರೆ ಆ ಸೂಕ್ಷ್ಮ ಜೀವಿಗಳು ಸಾಯುತ್ತವೆ; ತೊಟ್ಟಿಯಿಂದ ತೆಗೆದ ನೀರಿನಲ್ಲೇ ಜಾಲಿಸಿದರೆ ಸಾಕು. ಕರೆಂಟು ಹೋದಾಗ ಮೇಲಿನ ನೀರು ಕೆಳಗಿಳಿಯುವುದರಿಂದ ಸಂಪನ್ನು ಎಂದೂ ಕಂಠಮಟ್ಟ ತುಂಬಬಾರದು. ಜೀವಾಣುಗಳು ಎಷ್ಟೇ ದುಡಿದರೂ ನೈಟ್ರೇಟ್ ಉಳಿಯುತ್ತದೆ. ಆದ್ದರಿಂದ ಆಗಾಗ್ಗೆ ಸ್ವಲ್ಪ ನೀರನ್ನು ಬದಲಾಯಿಸುತ್ತಿರಬೇಕು. ಹಾಗೆ ತೆಗೆದ ನೀರು ಗಿಡಗಳಿಗೆ ಒಳ್ಳೆಯ ಗೊಬ್ಬರ.